ಗೆಲಾಕ್ಸಿಗಳ ಜಮಾಖರ್ಚು: ಕಾಣದ ಅನಿಲವನ್ನು ತೂಗುವ ಕೆಲಸ

ಗೆಲಾಕ್ಸಿ ಎಂದರೆ ಕೋಟ್ಯಂತರ ನಕ್ಷತ್ರಗಳ ಗುಂಪು ಎಂಬ ಶಾಲೆಯ ಪಾಠ ತಪ್ಪಲ್ಲ. ಆದರೆ ಗೆಲಾಕ್ಸಿ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಯಾಕೆ ಸೊರಗುತ್ತದೆ ಎಂದು ಕೇಳುವವರಿಗೆ ಅದರಿಂದ ಅಷ್ಟೇನೂ ಉಪಯೋಗವಿಲ್ಲ. ನಕ್ಷತ್ರ ಎನ್ನುವುದು ಈಗಾಗಲೇ ಮಾಡಿ ಮುಗಿಸಿದ ಖರ್ಚು. ಆ ಖರ್ಚಿಗೆ ದುಡ್ಡು ಎಲ್ಲಿಂದ ಬಂತು, ಇನ್ನೆಷ್ಟು ಉಳಿದಿದೆ ಎಂದು ತಿಳಿಯಲು ಅನಿಲದ ಜಮಾಖರ್ಚು ಬೇಕು. ಹೊರಗಿನಿಂದ ಬೀಳುತ್ತಿರುವ ಅನಿಲ ಎಷ್ಟು, ದಾಸ್ತಾನು ಎಷ್ಟು, ವರ್ಷಕ್ಕೆ ನಕ್ಷತ್ರಗಳಾಗಿ ಹೋಗುವುದು ಎಷ್ಟು, ಹೊರಕ್ಕೆ ಚೆಲ್ಲಿಹೋಗುವುದು ಎಷ್ಟು ಎಂಬ ನಾಲ್ಕು ಕಲಮುಗಳು ಅದರಲ್ಲಿವೆ. ಗೆಲಾಕ್ಸಿ ವಿಕಾಸದ ಸಂಶೋಧನೆಯ ದೊಡ್ಡ ಪಾಲು ಈ ಕಲಮುಗಳನ್ನು ತುಂಬುವುದರಲ್ಲೇ ಕಳೆಯುತ್ತದೆ. ಪತ್ರಿಕೆಗಳಲ್ಲಿ ಬರುವ ಬಣ್ಣದ ಚಿತ್ರಗಳು ಬಹುಪಾಲು ಖರ್ಚಿನ ಕಲಮಿನವು. ನೋಡಲು ಚೆಂದ ಇರುವುದೂ ಅದೇ.

ಲೆಕ್ಕವನ್ನು ಮನೆಯಿಂದಲೇ, ಅಂದರೆ ಕ್ಷೀರಪಥದಿಂದಲೇ ಶುರುಮಾಡಬಹುದು. ನಮ್ಮ ಗೆಲಾಕ್ಸಿಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಎರಡು ಸೂರ್ಯರಷ್ಟು ತೂಕದ ಅನಿಲ ಹೊಸ ನಕ್ಷತ್ರಗಳಾಗುತ್ತದೆ. ದಾಸ್ತಾನಿನಲ್ಲಿ ಪರಮಾಣು ರೂಪದ ಹೈಡ್ರೋಜನ್ ಸುಮಾರು 800 ಕೋಟಿ ಸೂರ್ಯತೂಕ ಇದೆ, ಅಣು ರೂಪದ್ದು ಸುಮಾರು 100 ಕೋಟಿ. ನಕ್ಷತ್ರ ಹುಟ್ಟುವುದು ಅಣು ರೂಪದ, ತಣ್ಣನೆಯ, ದಟ್ಟ ಮೋಡಗಳಲ್ಲಿ. ಆ 100 ಕೋಟಿಯನ್ನು ಎರಡರಿಂದ ಭಾಗಿಸಿದರೆ 50 ಕೋಟಿ ವರ್ಷಕ್ಕೆ ಖಾಲಿ. ಪರಮಾಣು ಹೈಡ್ರೋಜನನ್ನೂ ಪೂರ್ತಿ ಅಣುವಾಗಿಸಿ ಬಳಸಿದರೂ 450 ಕೋಟಿ ವರ್ಷಕ್ಕೆ ಮುಗಿಯಿತು. ಸಾಯುವ ನಕ್ಷತ್ರಗಳು ತಮ್ಮ ತೂಕದ ಒಂದು ಭಾಗವನ್ನು ಮರಳಿ ಅನಿಲವಾಗಿ ಕೊಡುತ್ತವೆ ನಿಜ, ಅದರಿಂದ ಗಡುವು ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಆದರೆ ಕ್ಷೀರಪಥದ ತಟ್ಟೆಯಲ್ಲಿ ನಕ್ಷತ್ರಗಳು 800 ಕೋಟಿ ವರ್ಷಕ್ಕೂ ಹೆಚ್ಚು ಕಾಲದಿಂದ ಹುಟ್ಟುತ್ತಲೇ ಇವೆ. ಅಂದಮೇಲೆ ಜಮೆಯ ಕಡೆ ಏನೋ ಬರುತ್ತಿದೆ.

ಇದಕ್ಕೆ ಇನ್ನೊಂದು ಸಾಕ್ಷಿ ಸೂರ್ಯನ ನೆರೆಹೊರೆಯಲ್ಲೇ ಇದೆ. ಹೀಲಿಯಂಗಿಂತ ಭಾರವಾದ ಎಲ್ಲ ಧಾತುಗಳನ್ನೂ ಖಗೋಳದವರು ಒಟ್ಟಾಗಿ ಲೋಹ ಎನ್ನುತ್ತಾರೆ. ಗೆಲಾಕ್ಸಿ ಮುಚ್ಚಿದ ಪೆಟ್ಟಿಗೆಯಾಗಿದ್ದು, ಆರಂಭದಲ್ಲೇ ಇದ್ದ ಅನಿಲದಿಂದ ಎಲ್ಲ ನಕ್ಷತ್ರಗಳೂ ಹುಟ್ಟಿದ್ದರೆ, ಲೋಹ ತೀರಾ ಕಡಿಮೆ ಇರುವ ಹಳೆಯ ಸಣ್ಣ ನಕ್ಷತ್ರಗಳು ನಮ್ಮ ಸುತ್ತ ಧಾರಾಳವಾಗಿ ಸಿಗಬೇಕಿತ್ತು. ಸೂರ್ಯನಿಗಿಂತ ಸಾಕಷ್ಟು ಸಣ್ಣ ನಕ್ಷತ್ರಗಳ ಆಯುಸ್ಸು ವಿಶ್ವದ ವಯಸ್ಸಿಗಿಂತ ಹೆಚ್ಚು, ಅವು ಸತ್ತುಹೋಗಿವೆ ಎನ್ನುವ ಹಾಗಿಲ್ಲ. ಎಣಿಸಿ ನೋಡಿದರೆ ಅವು ಬಹಳ ಕಡಿಮೆ. ಸಿಡ್ನಿ ವಾನ್ ಡೆನ್ ಬರ್ಗ್ 1962ರಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿದರು. ತಟ್ಟೆ ಒಮ್ಮೆಗೇ ತುಂಬಿಕೊಂಡಿಲ್ಲ, ಹೊರಗಿನ ಶುದ್ಧ ಅನಿಲ ನಿಧಾನವಾಗಿ ಬಂದು ಸೇರುತ್ತಿದೆ ಎಂದುಕೊಂಡರೆ ಲೆಕ್ಕ ಕೂಡುತ್ತದೆ ಎಂದು ರಿಚರ್ಡ್ ಲಾರ್ಸನ್ 1972ರಲ್ಲಿ ತೋರಿಸಿದರು. ಅಂದಿನಿಂದ ಇಂದಿನವರೆಗೆ ಅನಿಲದ ಒಳಹರಿವನ್ನು ನೇರವಾಗಿ ಹಿಡಿದು ಅಳೆಯುವುದು ಮಾತ್ರ ಕಷ್ಟವಾಗಿಯೇ ಉಳಿದಿದೆ.

ಈಗ ಒಂದು ಗೆಲಾಕ್ಸಿ ಬಿಟ್ಟು ಇಡೀ ವಿಶ್ವದ ಖಾತೆಗೆ ಬರೋಣ. ಅತಿನೇರಳೆ, ಅವಗೆಂಪು, ರೇಡಿಯೊ ಅಳತೆಗಳನ್ನೆಲ್ಲ ಕೂಡಿಸಿ, ಒಂದು ನಿಗದಿತ ಗಾತ್ರದ ವಿಶ್ವದಲ್ಲಿ ವರ್ಷಕ್ಕೆ ಎಷ್ಟು ನಕ್ಷತ್ರ ಹುಟ್ಟುತ್ತಿತ್ತು ಎಂಬ ನಕ್ಷೆಯನ್ನು ಕಳೆದ ಮೂರು ದಶಕಗಳಲ್ಲಿ ಸಾಕಷ್ಟು ಗಟ್ಟಿಯಾಗಿ ಬರೆದಿದ್ದಾರೆ. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಸುಮಾರು 1,000 ಕೋಟಿ ವರ್ಷಗಳ ಹಿಂದೆ ನಕ್ಷತ್ರಗಳ ಹುಟ್ಟು ತುತ್ತತುದಿಯಲ್ಲಿತ್ತು. ಅಲ್ಲಿಂದ ಇಳಿಯುತ್ತಾ ಬಂದು ಈಗ ಅದರ ಹತ್ತರಲ್ಲೊಂದು ಭಾಗಕ್ಕೆ ನಿಂತಿದೆ. ಇಳಿದದ್ದು ಯಾಕೆ? ದಾಸ್ತಾನು ಮುಗಿದಿತ್ತೇ, ಬರುವುದು ನಿಂತಿತೇ, ಅಥವಾ ಅನಿಲ ಇದ್ದೂ ನಕ್ಷತ್ರವಾಗಲು ಏನೋ ಅಡ್ಡಬಂತೇ? ನಕ್ಷತ್ರದ ಬೆಳಕನ್ನು ಎಷ್ಟೇ ಸೂಕ್ಷ್ಮವಾಗಿ ಅಳೆದರೂ ಈ ಮೂರನ್ನು ಬೇರ್ಪಡಿಸಲು ಆಗುವುದಿಲ್ಲ. ಅನಿಲವನ್ನೇ ತೂಗಬೇಕು.

ಅಣು ರೂಪದ ಅನಿಲದ ಲೆಕ್ಕ ಮೊದಲು ಸಿಕ್ಕಿತು. ಹೈಡ್ರೋಜನ್ ಅಣು ತಣ್ಣಗಿರುವಾಗ ಹೆಚ್ಚುಕಡಿಮೆ ಮೌನಿ, ಅದರ ಬದಲು ಜೊತೆಗಿರುವ ಕಾರ್ಬನ್ ಮೊನಾಕ್ಸೈಡ್‌ನ ಮಿಲಿಮೀಟರ್ ತರಂಗಗಳನ್ನು ಅಳೆದು ಗುಣಾಂಕವೊಂದರಿಂದ ಗುಣಿಸುತ್ತಾರೆ. 2010ರಲ್ಲಿ ಲಿಂಡಾ ಟಕೋನಿ ಮತ್ತು ಜೊತೆಗಾರರು ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಮೇಲಿನ ದೂರದರ್ಶಕ ಸಾಲಿನಿಂದ ಅಳೆದಾಗ, ರೆಡ್‌ಶಿಫ್ಟ್ (ವಿಶ್ವ ಹಿಗ್ಗುತ್ತಾ ಬೆಳಕಿನ ತರಂಗಾಂತರ ಎಷ್ಟು ಉದ್ದವಾಯಿತು ಎಂಬ ಅಂಕಿ, ಹೆಚ್ಚಿದಷ್ಟೂ ಹಳೆಯ ಕಾಲ) 1.2ರ ಆಸುಪಾಸಿನ ದೊಡ್ಡ ಗೆಲಾಕ್ಸಿಗಳ ಸಾಮಾನ್ಯ ದ್ರವ್ಯದಲ್ಲಿ (ನಕ್ಷತ್ರ ಮತ್ತು ಅನಿಲ ಸೇರಿ) ಶೇ. 34, ರೆಡ್‌ಶಿಫ್ಟ್ 2.3ರಲ್ಲಿ ಶೇ. 44 ತಣ್ಣನೆಯ ಅನಿಲವೇ ಎಂದು ಗೊತ್ತಾಯಿತು. ಇಂದಿನ ಗೆಲಾಕ್ಸಿಗಳಿಗಿಂತ ಇದು ಹಲವು ಪಟ್ಟು. ತೊಂದರೆ ಇರುವುದು ಗುಣಾಂಕದಲ್ಲಿ. ಲೋಹ ಕಡಿಮೆ ಇರುವ ಗೆಲಾಕ್ಸಿಯಲ್ಲಿ ಕಾರ್ಬನ್ ಮತ್ತು ಆಕ್ಸಿಜನ್ ಎರಡೂ ಕಡಿಮೆ, ಜೊತೆಗೆ ಅತಿನೇರಳೆ ಬೆಳಕು ಒಳನುಗ್ಗಿ ಇರುವ ಅಣುವನ್ನೂ ಒಡೆಯುತ್ತದೆ. ಕ್ಷೀರಪಥದ ಗುಣಾಂಕವನ್ನೇ ಅಲ್ಲಿ ಹಾಕಿದರೆ ಹೈಡ್ರೋಜನ್ ಇದ್ದೂ ಇಲ್ಲವೆಂದು ಬರುತ್ತದೆ.

ಪರಮಾಣು ಹೈಡ್ರೋಜನ್‌ಗೆ ಈ ಗುಣಾಂಕದ ತಲೆನೋವಿಲ್ಲ. ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ಗಿರಕಿ ಒಂದೇ ದಿಕ್ಕಿನಲ್ಲಿದ್ದದ್ದು ವಿರುದ್ಧ ದಿಕ್ಕಿಗೆ ತಿರುಗಿದರೆ 21.1 ಸೆಂಟಿಮೀಟರ್ ತರಂಗಾಂತರದ, ಅಂದರೆ 1420.4 ಮೆಗಾಹರ್ಟ್ಸ್‌ನ ರೇಡಿಯೊ ಕಿರಣ ಹೊರಬೀಳುತ್ತದೆ. ಡಚ್ ವಿಜ್ಞಾನಿ ವಾನ್ ಡೆ ಹುಲ್ಸ್ಟ್ 1944ರಲ್ಲೇ ಇದನ್ನು ಊಹಿಸಿದ್ದರು. 1951ರಲ್ಲಿ ಹಾರ್ವರ್ಡ್‌ನ ಯೂಎನ್ ಮತ್ತು ಪರ್ಸೆಲ್ ಹಿಡಿದರು. ಒಂಟಿ ಪರಮಾಣುವೊಂದು ತಾನಾಗಿಯೇ ಹೀಗೆ ತಿರುಗಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಯಬೇಕು. ಪರಮಾಣುಗಳ ಸಂಖ್ಯೆ ಅಪಾರವಾದ್ದರಿಂದ ಮಾತ್ರ ಸದ್ದು ಕೇಳಿಸುತ್ತದೆ. ಇದರ ಒಳ್ಳೆಯ ಗುಣವೆಂದರೆ ಸದ್ದಿನ ಬಲ ಮತ್ತು ಪರಮಾಣುಗಳ ಸಂಖ್ಯೆ ನೇರ ಅನುಪಾತದಲ್ಲಿರುವುದು. ಬಿಸಿ ಎಷ್ಟು, ಲೋಹ ಎಷ್ಟು ಎಂದು ಕೇಳಬೇಕಿಲ್ಲ. ಕೆಟ್ಟ ಗುಣ ಒಂದೇ, ಸದ್ದು ತೀರಾ ಸಣ್ಣದು.

ಎಷ್ಟು ಸಣ್ಣದು ಎಂಬುದನ್ನು ಕೈಲೆಕ್ಕ ಹಾಕಿ ನೋಡಬಹುದು. ಗೆಲಾಕ್ಸಿಯ ದೂರವನ್ನು ಮೆಗಾಪಾರ್ಸೆಕ್‌ನಲ್ಲಿ (ಒಂದು ಮೆಗಾಪಾರ್ಸೆಕ್ ಸುಮಾರು 32.6 ಲಕ್ಷ ಬೆಳಕಿನ ವರ್ಷ) ಬರೆದು ವರ್ಗ ಮಾಡಿ, 21 ಸೆಂಟಿಮೀಟರ್ ರೇಖೆಯ (ಆ ತರಂಗಾಂತರದ ಸಂಕೇತದ) ಒಟ್ಟು ಬಲವನ್ನು ಅದಕ್ಕೆ ಗುಣಿಸಿ, ಮತ್ತೆ 2.36 ಲಕ್ಷದಿಂದ ಗುಣಿಸಿ, ರೆಡ್‌ಶಿಫ್ಟ್‌ಗೆ 1 ಕೂಡಿಸಿ ಬಂದದ್ದರಿಂದ ಭಾಗಿಸಿದರೆ ಹೈಡ್ರೋಜನ್‌ನ ತೂಕ ಸೂರ್ಯತೂಕದಲ್ಲಿ ಬರುತ್ತದೆ. ಇಲ್ಲಿ ರೇಖೆಯ ಬಲದ ಮಾನ ಜಾನ್‌ಸ್ಕಿ (ರೇಡಿಯೊ ಪ್ರಖರತೆಯ ಅಳತೆ) ಗುಣಿಸು ಸೆಕೆಂಡಿಗೆ ಕಿಲೋಮೀಟರ್. ರೆಡ್‌ಶಿಫ್ಟ್ 1 ಎಂದರೆ ಸುಮಾರು 800 ಕೋಟಿ ವರ್ಷ ಹಿಂದಿನ ಬೆಳಕು, ಪ್ರಕಾಶದ ಲೆಕ್ಕದ ದೂರ ಸುಮಾರು 6,700 ಮೆಗಾಪಾರ್ಸೆಕ್. ಅಲ್ಲಿ 1,000 ಕೋಟಿ ಸೂರ್ಯತೂಕದ ಹೈಡ್ರೋಜನ್ ಇರುವ ಗೆಲಾಕ್ಸಿ ಕ್ಷೀರಪಥಕ್ಕಿಂತ ಸ್ವಲ್ಪ ಹೆಚ್ಚೇ ಶ್ರೀಮಂತ. ಲೆಕ್ಕವನ್ನು ಹಿಂದುಮುಂದಾಗಿ ಮಾಡಿದರೆ ರೇಖೆಯ ಬಲ 0.002ಕ್ಕಿಂತ ಕಡಿಮೆ ಬರುತ್ತದೆ. ಗೆಲಾಕ್ಸಿ ತಿರುಗುವುದರಿಂದ ರೇಖೆ ಅಗಲವಾಗುತ್ತದೆ; ಅದನ್ನು ಸೆಕೆಂಡಿಗೆ 300 ಕಿಲೋಮೀಟರ್ ಅಗಲಕ್ಕೆ ಹರಡಿದರೆ ಸಿಗುವುದು ಆರೇಳು ಮೈಕ್ರೊಜಾನ್‌ಸ್ಕಿ. ಅಮೆರಿಕದ ವಿಎಲ್‌ಎ ದೂರದರ್ಶಕ ಸಾಲಿನಿಂದ 178 ಗಂಟೆ ನೋಡಿ 2016ರಲ್ಲಿ ಪ್ರಕಟಿಸಿದ ಆಗಿನ ದಾಖಲೆ ರೆಡ್‌ಶಿಫ್ಟ್ 0.376ರ ಒಂದು ಗೆಲಾಕ್ಸಿಯದು. ರೆಡ್‌ಶಿಫ್ಟ್ 1ರ ಮಾಮೂಲಿ ಗೆಲಾಕ್ಸಿಯನ್ನು ಒಂದೊಂದಾಗಿ ಹಿಡಿಯುವುದು ಇಂದಿನ ಸಲಕರಣೆಗಳಿಗೆ ಎಟುಕುವ ಮಾತಲ್ಲ.

ಒಂದೊಂದಾಗಿ ಆಗದಿದ್ದರೆ ಒಟ್ಟಾಗಿ ಮಾಡಬೇಕು. ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ಆದಿತ್ಯ ಚೌಧುರಿ, ನಿಸೀಮ್ ಕಾಣೇಕರ್, ಜಯರಾಂ ಚೆಂಗಲೂರ್ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವ್ ಸೇಠಿ, ಕೆ. ಎಸ್. ದ್ವಾರಕನಾಥ್ 2020ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಉಪಕರಣ ಜಿಎಂಆರ್‌ಟಿ, ಅಂದರೆ ಜೈಂಟ್ ಮೀಟರ್‌ವೇವ್ ರೇಡಿಯೊ ಟೆಲಿಸ್ಕೋಪ್. ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್, ನಾರಾಯಣಗಾಂವ್ ಹತ್ತಿರದ ಖೋಡದ್ ಎಂಬ ಹಳ್ಳಿಯ ಸುತ್ತ 45 ಮೀಟರ್ ಅಗಲದ 30 ಆಂಟೆನಾ ಬಟ್ಟಲುಗಳು. 14 ಬಟ್ಟಲುಗಳು ನಡುವೆ ಒಂದು ಕಿಲೋಮೀಟರ್ ಚೌಕದಲ್ಲಿವೆ, ಉಳಿದ 16 ಮೂರು ತೋಳುಗಳಾಗಿ 25 ಕಿಲೋಮೀಟರ್ ಉದ್ದಕ್ಕೆ ಹರಡಿವೆ. ರೇಡಿಯೊ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಇದನ್ನು ಕಟ್ಟಿಸುವಾಗ ಗಟ್ಟಿ ತಗಡಿನ ಬದಲು ಅರ್ಧ ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ತಂತಿಯ ಬಲೆಯನ್ನು ಹಗ್ಗದ ಚೌಕಟ್ಟಿಗೆ ಎಳೆದು ಕಟ್ಟುವ ಉಪಾಯ ಮಾಡಿದರು. ಗಾಳಿ ಬಲೆಯ ಮೂಲಕ ಹಾದುಹೋಗುತ್ತದೆ, ಬಟ್ಟಲು ಹಗುರ, ಖರ್ಚು ಕಡಿಮೆ. ಮೀಟರ್ ಅಳತೆಯ ತರಂಗಗಳಿಗೆ ಸಣ್ಣ ಕಣ್ಣಿನ ಬಲೆಯೂ ಕನ್ನಡಿಯೇ.

ಯಾವ ಗೆಲಾಕ್ಸಿಗಳನ್ನು ಒಟ್ಟುಗೂಡಿಸುವುದು ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಹವಾಯಿಯ ಕೆಕ್ ದೂರದರ್ಶಕದಿಂದ ಮಾಡಿದ ಡೀಪ್-2 ಎಂಬ ಸಮೀಕ್ಷೆಯ ಪಟ್ಟಿ ಸಿದ್ಧವಾಗಿತ್ತು. ಅದರ ಗೆಲಾಕ್ಸಿಗಳು ಮುಖ್ಯವಾಗಿ ರೆಡ್‌ಶಿಫ್ಟ್ 0.7ರಿಂದ 1.45ರವರೆಗಿನವು. 1420.4ನ್ನು 1.7ರಿಂದ ಭಾಗಿಸಿ, 2.45ರಿಂದ ಭಾಗಿಸಿ ನೋಡಿ: 835 ಮತ್ತು 580 ಮೆಗಾಹರ್ಟ್ಸ್. ನವೀಕರಿಸಿದ ಜಿಎಂಆರ್‌ಟಿಯ ನಾಲ್ಕನೇ ಕಂಪನಾಂಕ ಪಟ್ಟಿ 550ರಿಂದ 850 ಮೆಗಾಹರ್ಟ್ಸ್. ಡೀಪ್-2ರ ಈ ರೆಡ್‌ಶಿಫ್ಟ್‌ಗಳನ್ನೆಲ್ಲ ಒಂದೇ ಸಲ ಹಿಡಿಯಬಹುದು. ಬಟ್ಟಲಿನ ನೋಟದ ಅಗಲ ಆ ಕಂಪನಾಂಕದಲ್ಲಿ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಹುಣ್ಣಿಮೆ ಚಂದ್ರನಷ್ಟು ಆಕಾಶ. ಅಷ್ಟರಲ್ಲೇ ಡೀಪ್-2 ಪಟ್ಟಿಯ ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳು ಬೀಳುತ್ತವೆ. ಈ ಹೊಂದಾಣಿಕೆ ಇಲ್ಲದಿದ್ದರೆ ಕೆಲಸ ಶುರುವಾಗುವುದೇ ಕಷ್ಟವಿತ್ತು.

ಇಲ್ಲಿ ಬಹಳ ಜನ ಗಮನಿಸದ ಒಂದು ಷರತ್ತಿದೆ. ಗೆಲಾಕ್ಸಿಯ ರೆಡ್‌ಶಿಫ್ಟ್ ರೋಹಿತದಿಂದ (ಬೆಳಕನ್ನು ತರಂಗಾಂತರವಾರು ಬಿಡಿಸಿದ ಅಳತೆಯಿಂದ) ಬಂದಿರಬೇಕು, ಬಣ್ಣದ ಅಂದಾಜಿನಿಂದ ಅಲ್ಲ. ಬಣ್ಣದಿಂದ ಅಂದಾಜು ಮಾಡಿದ ರೆಡ್‌ಶಿಫ್ಟ್‌ನಲ್ಲಿ ಶೇ. 1ರ ತಪ್ಪಿದ್ದರೂ ವೇಗದಲ್ಲಿ ಅದು ಸೆಕೆಂಡಿಗೆ 3,000 ಕಿಲೋಮೀಟರ್. ರೇಖೆಯ ಅಗಲವೇ 300. ಪ್ರತಿ ಗೆಲಾಕ್ಸಿಯ ರೇಖೆ ಒಂದೊಂದು ಕಡೆ ಬಿದ್ದು, ಕೂಡಿಸಿದಾಗ ಹರಡಿ ಮಾಯವಾಗುತ್ತದೆ. ಡೀಪ್-2 ಆಕ್ಸಿಜನ್‌ನ 3727 ಆಂಗ್‌ಸ್ಟ್ರಾಂ ತರಂಗಾಂತರದ ಜೋಡಿರೇಖೆಯನ್ನು ಬಿಡಿಸಿ ನೋಡಿದ್ದರಿಂದ ಅದರ ತಪ್ಪು ಸೆಕೆಂಡಿಗೆ 60 ಕಿಲೋಮೀಟರ್ ಆಸುಪಾಸು. ಲಕ್ಷಗಟ್ಟಲೆ ಗೆಲಾಕ್ಸಿಗಳ ಬಣ್ಣದ ಪಟ್ಟಿಗಿಂತ ಕೆಲವು ಸಾವಿರದ ರೋಹಿತದ ಪಟ್ಟಿ ಇಲ್ಲಿ ಹೆಚ್ಚು ಬೆಲೆಬಾಳುತ್ತದೆ.

ಕೆಲಸದ ಕ್ರಮ ಹೀಗೆ. ಬಲ ಮೊದಲೇ ಗೊತ್ತಿರುವ 3ಸಿ 286, 3ಸಿ 48ರಂಥ ಪ್ರಖರ ರೇಡಿಯೊ ಆಕರಗಳನ್ನು ನೋಡಿ ಅಳತೆಗೋಲು ಸರಿಪಡಿಸಿಕೊಳ್ಳುತ್ತಾರೆ. ಗುರಿಯ ಹತ್ತಿರದ ಇನ್ನೊಂದು ಆಕರವನ್ನು ಆಗಾಗ ನೋಡುತ್ತಾ ವಾತಾವರಣದ ಮೇಲ್ಪದರವಾದ ಅಯಾನುಗೋಳ ತರುವ ಏರುಪೇರನ್ನು ತಿದ್ದುತ್ತಾರೆ. ಬಟ್ಟಲುಗಳ ಸಂಕೇತವನ್ನು ಎರಡೆರಡಾಗಿ ಸೇರಿಸಿ ನೋಡುತ್ತಾರೆ; 30 ಬಟ್ಟಲುಗಳಿಂದ 435 ಜೋಡಿಗಳಾಗುತ್ತವೆ, ಪ್ರತಿ ಜೋಡಿಯ ದತ್ತಾಂಶವೂ ಸಾವಿರಾರು ಕಂಪನಾಂಕದ ಚಾನೆಲ್‌ಗಳಾಗಿ ಹೋಳಾಗಿರುತ್ತದೆ. ಒಮ್ಮೆಗೆ ದಾಖಲಿಸುವ 400 ಮೆಗಾಹರ್ಟ್ಸ್‌ ಅಗಲವನ್ನು 8,192 ಭಾಗ ಮಾಡಿದರೆ ಒಂದು ಚಾನೆಲ್ 49 ಕಿಲೋಹರ್ಟ್ಸ್, 700 ಮೆಗಾಹರ್ಟ್ಸ್ ಹತ್ತಿರ ಅದು ಸೆಕೆಂಡಿಗೆ 21 ಕಿಲೋಮೀಟರ್ ವೇಗಕ್ಕೆ ಸಮ. ಆಮೇಲೆ ಕಳೆ ಕೀಳುವ ಕೆಲಸ. ಮೊಬೈಲ್ ಗೋಪುರಗಳು, ಕಿಡಿ ಹಾರಿಸುವ ವಿದ್ಯುತ್ ತಂತಿಗಳು, ಉಪಗ್ರಹಗಳು ಹಾಳುಮಾಡಿದ ದತ್ತಾಂಶವನ್ನು ಗುರುತಿಸಿ ಬಿಸಾಡಬೇಕು. 758ರಿಂದ 803 ಮೆಗಾಹರ್ಟ್ಸ್ ಈಗ ನಮ್ಮ ದೇಶದಲ್ಲಿ ಮೊಬೈಲ್ ಗೋಪುರಗಳು ಫೋನಿಗೆ ಮಾತಾಡುವ ಪಟ್ಟಿ. ಖಗೋಳದವರ ಭಾಷೆಯಲ್ಲಿ ಅದು ರೆಡ್‌ಶಿಫ್ಟ್ 0.77ರಿಂದ 0.87. ಜನರ ಫೋನಿಗೆ ಸಿಗ್ನಲ್ ಚೆನ್ನಾಗಿ ಸಿಕ್ಕಷ್ಟೂ ವಿಶ್ವದ ಇತಿಹಾಸದ ಆ ತುಣುಕು ಇಲ್ಲಿಂದ ನೋಡಲು ಕಷ್ಟವಾಗುತ್ತಾ ಹೋಗುತ್ತದೆ.

ಕಳೆ ಕಿತ್ತಮೇಲೆ ಆ ಆಕಾಶಭಾಗದ ಎಲ್ಲ ಮಾಮೂಲಿ ರೇಡಿಯೊ ಆಕರಗಳ (ಒಂದು ರೇಖೆಯಲ್ಲಲ್ಲ, ಎಲ್ಲ ಕಂಪನಾಂಕಗಳಲ್ಲೂ ಸೂಸುವವುಗಳ) ಚಿತ್ರ ಮಾಡಿ, ಅದನ್ನು ದತ್ತಾಂಶದಿಂದ ಕಳೆಯುತ್ತಾರೆ. ಆ ಆಕರಗಳು ನಮಗೆ ಬೇಕಾದ ರೇಖೆಗಿಂತ ಸಾವಿರಾರು ಪಟ್ಟು ಪ್ರಖರ. ಕಳೆಯುವಾಗ ಸಾವಿರದಲ್ಲೊಂದು ಭಾಗ ತಪ್ಪಿದರೂ ಉಳಿಕೆ ಅಲೆಯಲೆಯಾಗಿ ಚಾನೆಲ್‌ಗಳ ಮೇಲೆ ಕೂರುತ್ತದೆ. ನೂರು ಗಂಟೆಯ ವೀಕ್ಷಣೆ ಕೆಲವೊಮ್ಮೆ ಮಣ್ಣುಪಾಲಾಗುವುದು ಇಲ್ಲೇ. ಉಪಕರಣದ ಮತ್ತು ಆಕಾಶದ ಸಹಜ ಗದ್ದಲ (ಅಳತೆಯಲ್ಲಿನ ಅಡ್ಡಾದಿಡ್ಡಿ ಏರಿಳಿತ) ಹೆಚ್ಚು ಸಮಯ ನೋಡಿದಷ್ಟೂ ಇಳಿಯುತ್ತದೆ, ಈ ಬಗೆಯ ತಪ್ಪು ಇಳಿಯುವುದಿಲ್ಲ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ಓಡುವುದನ್ನೂ ಮರೆಯುವಂತಿಲ್ಲ. ಆರು ತಿಂಗಳ ಅಂತರದಲ್ಲಿ ಮಾಡಿದ ಎರಡು ವೀಕ್ಷಣೆಗಳ ರೇಖೆ 60 ಕಿಲೋಮೀಟರ್ ವೇಗದಷ್ಟು, ಅಂದರೆ ಮೂರು ಚಾನೆಲ್ ಆಚೀಚೆ ಇರುತ್ತದೆ. ತಿದ್ದದೆ ಕೂಡಿಸಿದರೆ ರೇಖೆ ಮಸುಕು.

ಇನ್ನು ಬಟ್ಟಲುಗಳ ಅಂತರದ ಆಯ್ಕೆ. 25 ಕಿಲೋಮೀಟರ್ ಜೋಡಿಗಳನ್ನೂ ಸೇರಿಸಿದರೆ ಚಿತ್ರ ಚುರುಕಾಗುತ್ತದೆ, 3.5 ಸೆಕೆಂಡ್ ಕೋನ (ಇಲ್ಲಿ ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲೊಂದು ಭಾಗ), ರೆಡ್‌ಶಿಫ್ಟ್ 1ರಲ್ಲಿ ಅದು ಸುಮಾರು 28 ಕಿಲೋಪಾರ್ಸೆಕ್ (ಒಂದು ಕಿಲೋಪಾರ್ಸೆಕ್ ಸುಮಾರು 3,260 ಬೆಳಕಿನ ವರ್ಷ). ಚುರುಕು ಇದ್ದಷ್ಟೂ ಒಳ್ಳೆಯದು ಎನಿಸಬಹುದು. ಆದರೆ 1,000 ಕೋಟಿ ಸೂರ್ಯತೂಕದ ಹೈಡ್ರೋಜನ್ ತಟ್ಟೆ ಹತ್ತಿರದ ವಿಶ್ವದಲ್ಲಿ ಸುಮಾರು 60 ಕಿಲೋಪಾರ್ಸೆಕ್ ಅಗಲ ಇರುತ್ತದೆ. ಅಷ್ಟು ಚುರುಕಾದ ಚಿತ್ರದ ನಡುಬಿಂದುವಿನಲ್ಲಿ ಮಾತ್ರ ಅಳೆದರೆ ಅಂಚಿನ ಹೈಡ್ರೋಜನ್ ಲೆಕ್ಕಕ್ಕೆ ಬರುವುದಿಲ್ಲ. ದೂರದ ಜೋಡಿಗಳನ್ನು ಬಿಟ್ಟರೆ ಬೆಳಕೆಲ್ಲ ಒಳಗೆ ಬರುತ್ತದೆ, ಜೊತೆಗೆ ಗದ್ದಲವೂ ಹೆಚ್ಚುತ್ತದೆ, ಪಕ್ಕದ ಗೆಲಾಕ್ಸಿಯ ಹೈಡ್ರೋಜನ್ ಕೂಡ ಕಳ್ಳಲೆಕ್ಕದಲ್ಲಿ ಸೇರುತ್ತದೆ. ಹಾಗಾಗಿ ಹಲವು ಅಳತೆಗಳಲ್ಲಿ ಚಿತ್ರ ಮಾಡಿ, ಒಟ್ಟು ತೂಕ ಎಲ್ಲಿಗೆ ಏರುವುದು ನಿಲ್ಲುತ್ತದೆ ಎಂದು ನೋಡಬೇಕು. ಪಿಕ್ಸೆಲ್ ಅಳತೆಯಲ್ಲಲ್ಲ, ಪ್ರತಿ ಗೆಲಾಕ್ಸಿಯ ದೂರಕ್ಕೆ ತಕ್ಕಂತೆ ಕಿಲೋಪಾರ್ಸೆಕ್ ಅಳತೆಯಲ್ಲೇ ಎಲ್ಲವನ್ನೂ ಒಂದೇ ಅಗಲಕ್ಕೆ ತರಬೇಕು.

ಕೊನೆಗೆ ಪೇರಿಸುವುದು. ಪ್ರತಿ ಗೆಲಾಕ್ಸಿಯ ಸುತ್ತ ಒಂದು ತುಂಡು ಆಕಾಶ, ಅದರ ರೇಖೆ ಬೀಳಬೇಕಾದ ಕಂಪನಾಂಕದ ಸುತ್ತ ಒಂದು ತುಂಡು ಚಾನೆಲ್. ಎಲ್ಲವನ್ನೂ ವೇಗದ ಶೂನ್ಯಕ್ಕೆ ಜೋಡಿಸಿ, ಗದ್ದಲ ಕಡಿಮೆ ಇದ್ದವಕ್ಕೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುತ್ತಾರೆ. ಹೊಸ ನಕ್ಷತ್ರ ಹೆಚ್ಚು ಹುಟ್ಟದ ಕೆಂಪು ಗೆಲಾಕ್ಸಿಗಳನ್ನೂ, ನಡುವೆ ಚುರುಕಾದ ಕಪ್ಪುಕುಳಿ ಇರುವವನ್ನೂ ಮೊದಲೇ ಹೊರಗಿಡುತ್ತಾರೆ. 2020ರ ಕೆಲಸದಲ್ಲಿ ಹೀಗೆ ಪೇರಿಸಿದ್ದು 7,653 ಗೆಲಾಕ್ಸಿಗಳನ್ನು. ಅದರ ವರ್ಗಮೂಲ 87, ಗದ್ದಲ ಅಷ್ಟು ಪಟ್ಟು ಇಳಿಯಿತು. ಸಿಕ್ಕ ಸಂಕೇತ ಗದ್ದಲದ ನಾಲ್ಕೂವರೆ ಪಟ್ಟು. ಅಂದರೆ ಒಂದೊಂದು ಗೆಲಾಕ್ಸಿಯ ಸದ್ದು ಅದರ ಸುತ್ತಲಿನ ಗದ್ದಲದ ಇಪ್ಪತ್ತರಲ್ಲೊಂದು ಭಾಗ ಮಾತ್ರ ಇತ್ತು. ಇಂಥದ್ದನ್ನು ನಂಬುವ ಮೊದಲು ಬೇಕೆಂದೇ ತಪ್ಪು ಸ್ಥಾನಗಳಲ್ಲಿ, ತಪ್ಪು ಕಂಪನಾಂಕಗಳಲ್ಲಿ ಪೇರಿಸಿ ನೋಡಬೇಕು. ಅಲ್ಲೂ ರೇಖೆಯಂಥದ್ದು ಎದ್ದರೆ ಮೂಲದಲ್ಲೇ ಕೊಳೆ ಇದೆ ಎಂದರ್ಥ.

ಫಲಿತಾಂಶಕ್ಕೆ ಬರೋಣ. ಸುಮಾರು 800 ಕೋಟಿ ವರ್ಷಗಳ ಹಿಂದೆ ನಕ್ಷತ್ರ ಹುಟ್ಟಿಸುತ್ತಿದ್ದ ಈ ಗೆಲಾಕ್ಸಿಗಳಲ್ಲಿ ಸರಾಸರಿ 1,190 ಕೋಟಿ ಸೂರ್ಯತೂಕದ ಪರಮಾಣು ಹೈಡ್ರೋಜನ್ ಇತ್ತು, ನಕ್ಷತ್ರಗಳ ಒಟ್ಟು ತೂಕಕ್ಕಿಂತಲೂ ಹೆಚ್ಚು. ಅದೇ ದತ್ತಾಂಶದ ಮಾಮೂಲಿ ರೇಡಿಯೊ ಬೆಳಕನ್ನು ಪೇರಿಸಿ ನಕ್ಷತ್ರಗಳ ಹುಟ್ಟಿನ ದರವನ್ನೂ ತೆಗೆದರು. ಇದು ಜಾಣತನ, ಯಾಕೆಂದರೆ ರೇಡಿಯೊ ಬೆಳಕಿಗೆ ಧೂಳಿನ ಅಡ್ಡಿಯಿಲ್ಲ, ಎರಡೂ ಅಳತೆಗಳು ಒಂದೇ ಉಪಕರಣದವು. ದರ ವರ್ಷಕ್ಕೆ ಸುಮಾರು 7.7 ಸೂರ್ಯತೂಕ. ಭಾಗಿಸಿದರೆ 154 ಕೋಟಿ ವರ್ಷ. ಇಂದಿನ ಗೆಲಾಕ್ಸಿಗಳಲ್ಲಿ ಪರಮಾಣು ಹೈಡ್ರೋಜನ್ ದಾಸ್ತಾನು ಇದರ ಹಲವು ಪಟ್ಟು ಕಾಲಕ್ಕೆ ಸಾಲುತ್ತದೆ. ಅಂದಿನವು ದಾಸ್ತಾನು ಹೆಚ್ಚಿದ್ದರೂ ಖರ್ಚು ಅದಕ್ಕಿಂತ ಹೆಚ್ಚಿದ್ದ ಮನೆಗಳು. ಹೊರಗಿನಿಂದ ಬರುವುದು ಸ್ವಲ್ಪ ಕಡಿಮೆಯಾದರೂ ನೂರಿನ್ನೂರು ಕೋಟಿ ವರ್ಷದೊಳಗೆ ಪೆಟ್ಟು ಬೀಳಲೇಬೇಕಾದ ಸ್ಥಿತಿ.

ಪೆಟ್ಟು ಬಿದ್ದದ್ದನ್ನೂ ಅದೇ ತಂಡ ಮುಂದೆ ತೋರಿಸಿತು. ವೀಕ್ಷಣೆಯನ್ನು 510 ಗಂಟೆಗೆ, ಗೆಲಾಕ್ಸಿಗಳನ್ನು 11,419ಕ್ಕೆ ಏರಿಸಿ, ರೆಡ್‌ಶಿಫ್ಟ್ 1.3ರ ಗುಂಪನ್ನೂ 1.0ರ ಗುಂಪನ್ನೂ ಬೇರೆ ಬೇರೆ ಪೇರಿಸಿದಾಗ, ಸರಿಸುಮಾರು 100 ಕೋಟಿ ವರ್ಷದಲ್ಲಿ ಸರಾಸರಿ ಹೈಡ್ರೋಜನ್ ಮೂರು ಪಟ್ಟಿಗಿಂತ ಹೆಚ್ಚು ಇಳಿದಿತ್ತು. 2022ರಲ್ಲಿ ಬಂದ ಈ ಫಲಿತಾಂಶ ನನ್ನ ದೃಷ್ಟಿಯಲ್ಲಿ ಮೊದಲನೆಯದಕ್ಕಿಂತ ಮಹತ್ವದ್ದು. ಮೊದಲನೆಯದು ದಾಸ್ತಾನಿನ ಒಂದು ದಿನದ ಬಾಕಿ, ಇದು ಬಾಕಿ ಇಳಿದ ವೇಗ. ಹೀಗೆ ಹೋಲಿಸುವಾಗ ಒಂದು ಎಚ್ಚರಿಕೆ ಬೇಕೇ ಬೇಕು. ಡೀಪ್-2 ಪಟ್ಟಿ ಒಂದು ನಿಗದಿತ ಪ್ರಕಾಶಕ್ಕಿಂತ ಮಂಕಾದ ಗೆಲಾಕ್ಸಿಗಳನ್ನು ಬಿಟ್ಟಿದೆ. ದೂರ ಹೋದಂತೆ ಪಟ್ಟಿಯಲ್ಲಿ ಉಳಿಯುವವು ದೊಡ್ಡವೇ. ನಕ್ಷತ್ರಗಳ ತೂಕವನ್ನು ಎರಡೂ ಗುಂಪಿನಲ್ಲಿ ಸರಿದೂಗಿಸದೆ ಹೋಲಿಸಿದರೆ, ದೊಡ್ಡ ಗೆಲಾಕ್ಸಿಗೆ ಹೆಚ್ಚು ಅನಿಲ ಎಂಬ ಸರಳ ಸಂಗತಿಯೇ ಕಾಲದ ಬದಲಾವಣೆಯ ವೇಷ ಹಾಕಿಕೊಂಡು ಬರುತ್ತದೆ.

ಸರಾಸರಿಯ ಹಂಗಿಲ್ಲದೆ ಒಂದು ಗೆಲಾಕ್ಸಿಯನ್ನೇ ಹಿಡಿದ ಉದಾಹರಣೆಯೂ ಇದೆ, ಅದಕ್ಕೆ ಪ್ರಕೃತಿಯ ಸಹಾಯ ಬೇಕಾಯಿತು. ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ಣಬ್ ಚಕ್ರಬರ್ತಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಇದೇ ಜಿಎಂಆರ್‌ಟಿಯಿಂದ ರೆಡ್‌ಶಿಫ್ಟ್ 1.29ರ ಗೆಲಾಕ್ಸಿಯೊಂದರ 21 ಸೆಂಟಿಮೀಟರ್ ರೇಖೆಯನ್ನು ಹಿಡಿದರು. 880 ಕೋಟಿ ವರ್ಷ ಹಿಂದೆ ಹೊರಟ ಕಿರಣ. ನಡುವೆ ಇರುವ ಇನ್ನೊಂದು ಗೆಲಾಕ್ಸಿಯ ಗುರುತ್ವ ಅದನ್ನು ಸುಮಾರು 30 ಪಟ್ಟು ಹಿಗ್ಗಿಸಿತ್ತು. ಅಲ್ಲೂ ಅನಿಲ ನಕ್ಷತ್ರಗಳ ತೂಕದ ಎರಡು ಪಟ್ಟಿನಷ್ಟು. ಈ ದಾರಿಯ ಕಷ್ಟವೆಂದರೆ ಹಿಗ್ಗುವಿಕೆ ಆಕರದ ಎಲ್ಲ ಭಾಗಕ್ಕೂ ಒಂದೇ ಅಲ್ಲ. ಹೈಡ್ರೋಜನ್ ತಟ್ಟೆ ನಕ್ಷತ್ರಗಳ ತಟ್ಟೆಗಿಂತ ಅಗಲ, ನಕ್ಷತ್ರಗಳ ಚಿತ್ರದಿಂದ ತೆಗೆದ ಹಿಗ್ಗುವಿಕೆಯನ್ನು ಅದಕ್ಕೆ ಹಾಗೇ ಹಾಕಲು ಬರುವುದಿಲ್ಲ.

ಇನ್ನು ಕಂಪ್ಯೂಟರ್‌ನಲ್ಲಿ ವಿಶ್ವವನ್ನು ಬೆಳೆಸುವವರ ಕಡೆ. ಇಲಸ್ಟ್ರಿಸ್-ಟಿಎನ್‌ಜಿ, ಈಗಲ್ ಮುಂತಾದ ಅನುಕರಣೆಗಳು ಹತ್ತಾರು ಕೋಟಿ ಬೆಳಕಿನ ವರ್ಷ ಅಗಲದ ಪೆಟ್ಟಿಗೆಯೊಳಗೆ ಕಪ್ಪುದ್ರವ್ಯ (ಬೆಳಕು ಸೂಸದ, ಗುರುತ್ವದಿಂದ ಮಾತ್ರ ಗೊತ್ತಾಗುವ ದ್ರವ್ಯ) ಮತ್ತು ಅನಿಲವನ್ನು ಹಾಕಿ, ಗುರುತ್ವ ಮತ್ತು ದ್ರವಚಲನೆಯ ಸಮೀಕರಣಗಳನ್ನು ಬಿಡಿಸುತ್ತಾ ಹೋಗುತ್ತವೆ. ಟಿಎನ್‌ಜಿ-100ರಲ್ಲಿ ಅನಿಲದ ಒಂದು ಕೋಶ ಸುಮಾರು 14 ಲಕ್ಷ ಸೂರ್ಯತೂಕದ್ದು. ನಕ್ಷತ್ರ, ಸೂಪರ್‌ನೋವಾ (ನಕ್ಷತ್ರದ ಸ್ಫೋಟ), ಕಪ್ಪುಕುಳಿ ಎಲ್ಲವೂ ಆ ಕೋಶಕ್ಕಿಂತ ಬಹಳ ಸಣ್ಣವು. ಹಾಗಾಗಿ ಅವುಗಳ ಪರಿಣಾಮವನ್ನು ನಿಯಮವಾಗಿ ಬರೆದು ಸೇರಿಸಬೇಕು. ಎಡವಟ್ಟು ಹುಟ್ಟುವುದು ಅಲ್ಲಿ. ಹಿಂದಿನ ಅನುಕರಣೆಗಳಲ್ಲಿ ಸೂಪರ್‌ನೋವಾದ ಶಕ್ತಿಯನ್ನು ಪಕ್ಕದ ಅನಿಲಕ್ಕೆ ಶಾಖವಾಗಿ ಕೊಡುತ್ತಿದ್ದರು. ಒಂದು ಸ್ಫೋಟ 10ರ 44ನೇ ಘಾತದಷ್ಟು ಜೂಲ್, ಕಡಿಮೆಯೇನಲ್ಲ. ಆದರೆ ಅದನ್ನು ಲಕ್ಷಾಂತರ ಸೂರ್ಯತೂಕಕ್ಕೆ ಹಂಚಿದರೆ ಅನಿಲ ಅರೆಬಿಸಿಯಾಗುತ್ತದೆ, ಸರಿಯಾಗಿ ಅದು ಅತಿ ವೇಗವಾಗಿ ತಣಿಯುವ ಉಷ್ಣತೆಗೆ. ಮುಂದಿನ ಹೆಜ್ಜೆಯಲ್ಲೇ ಶಕ್ತಿಯೆಲ್ಲ ಬೆಳಕಾಗಿ ಸೋರಿಹೋಗಿ, ಅನಿಲ ಮತ್ತೆ ಕುಸಿದು, ಗೆಲಾಕ್ಸಿಯಲ್ಲಿ ನಿಜಕ್ಕಿಂತ ಹಲವು ಪಟ್ಟು ನಕ್ಷತ್ರ ಹುಟ್ಟುತ್ತಿತ್ತು.

ಪರಿಹಾರ ಇಬ್ಬರದೂ ಬೇರೆ. ಈಗಲ್‌ನಲ್ಲಿ ಎಲ್ಲ ಕಣಗಳಿಗೂ ಹಂಚುವ ಬದಲು ಕೆಲವನ್ನು ಮಾತ್ರ ಆರಿಸಿ ಒಮ್ಮೆಗೇ ಮೂರು ಕೋಟಿ ಡಿಗ್ರಿಯಷ್ಟು ಕಾಯಿಸುತ್ತಾರೆ. ಅಷ್ಟು ಬಿಸಿಯಾದದ್ದು ಬೇಗ ತಣಿಯದೆ ಉಬ್ಬಿ ಹೊರಡುತ್ತದೆ. ಟಿಎನ್‌ಜಿಯಲ್ಲಿ ಅನಿಲವನ್ನು ಗಾಳಿಯಾಗಿ ತಳ್ಳಿ, ದಟ್ಟ ಭಾಗ ದಾಟುವವರೆಗೆ ಸುತ್ತಲಿನ ಅನಿಲಕ್ಕೆ ಅದು ತಾಗದ ಹಾಗೆ ನೋಡಿಕೊಳ್ಳುತ್ತಾರೆ. ಎರಡರಲ್ಲೂ ತಿರುಗಿಸುವ ತಿರುಪುಗಳಿವೆ, ಅಂದರೆ ಬೇಕಾದಂತೆ ಬದಲಿಸಬಹುದಾದ ಅಂಕಿಗಳು. ಅವನ್ನು ಇಂದಿನ ಗೆಲಾಕ್ಸಿಗಳ ನಕ್ಷತ್ರತೂಕದ ಹಂಚಿಕೆಗೆ ಹೊಂದುವವರೆಗೆ ತಿರುಗಿಸಿರುತ್ತಾರೆ. ಆಮೇಲೆ ಅದೇ ಹಂಚಿಕೆ ಹೊಂದಿತು ಎಂದು ಬೀಗುವುದರಲ್ಲಿ ಅರ್ಥವಿಲ್ಲ, ಆದರೂ ಹೀಗೆ ಬೀಗುವ ಪತ್ರಿಕಾ ಹೇಳಿಕೆಗಳಿಗೆ ಬರವಿಲ್ಲ. ಯಾವ ತಿರುಪನ್ನೂ ರೆಡ್‌ಶಿಫ್ಟ್ 1ರ ಪರಮಾಣು ಹೈಡ್ರೋಜನ್ ನೋಡಿ ತಿರುಗಿಸಿಲ್ಲ. ಆದ್ದರಿಂದಲೇ ಆ ಅಳತೆ ನಿಜವಾದ ಪರೀಕ್ಷೆ.

ಹಾಗಾದರೆ ಆ 100 ಕೋಟಿ ವರ್ಷದಲ್ಲಿ ಅನಿಲ ಎಲ್ಲಿಗೆ ಹೋಯಿತು? ಖರ್ಚಾಗಿ ಮರುಪೂರಣ ಆಗಲಿಲ್ಲ ಎಂಬುದು ನೇರ ಉತ್ತರ, ದಾಸ್ತಾನಿನ ಅವಧಿಯೂ ಅದಕ್ಕೆ ಹೊಂದುತ್ತದೆ. ಮರುಪೂರಣ ನಿಲ್ಲಲು ಕಾರಣವನ್ನು ಸಿದ್ಧಾಂತಿಗಳು ಮೊದಲೇ ಇಟ್ಟುಕೊಂಡಿದ್ದಾರೆ. ಗೆಲಾಕ್ಸಿಯನ್ನು ಸುತ್ತಿದ ಕಪ್ಪುದ್ರವ್ಯದ ಹೊದಿಕೆ ಸುಮಾರು ಒಂದು ಲಕ್ಷ ಕೋಟಿ ಸೂರ್ಯತೂಕ ದಾಟಿದರೆ, ಬೀಳುವ ಅನಿಲ ಅಂಚಿನಲ್ಲೇ ಆಘಾತ ತರಂಗಕ್ಕೆ ಸಿಕ್ಕಿ ಹತ್ತು ಲಕ್ಷ ಡಿಗ್ರಿಗೆ ಕಾಯ್ದು ತೇಲುತ್ತದೆ ಎಂದು ಬಿರ್ನ್‌ಬೋಯಿಮ್ ಮತ್ತು ಡೆಕೆಲ್ ಲೆಕ್ಕ ಹಾಕಿದ್ದರು. ತೇಲುವ ಬಿಸಿ ಅನಿಲ ಮತ್ತೆ ಯಾವಾಗ ಹನಿಗಟ್ಟಿ ಕೆಳಗಿಳಿಯುತ್ತದೆ ಎಂಬುದರ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತೀಕ್ ಶರ್ಮಾ ಮತ್ತು ಸಹೋದ್ಯೋಗಿಗಳು 2012ರಲ್ಲಿ ಮಾಡಿದ ಕೆಲಸ ಇಂದಿಗೂ ಎಲ್ಲರೂ ಬಳಸುವ ಅಳತೆ: ತಣಿಯಲು ಬೇಕಾದ ಸಮಯ, ಕೆಳಗೆ ಬೀಳಲು ಬೇಕಾದ ಸಮಯದ ಸುಮಾರು ಹತ್ತು ಪಟ್ಟಿಗಿಂತ ಕೆಳಗಿಳಿದರೆ ತಣ್ಣನೆಯ ಮೋಡಗಳು ಕಟ್ಟಿಕೊಳ್ಳುತ್ತವೆ. ಇನ್ನೊಂದು ಸಾಧ್ಯತೆ ಸೂಪರ್‌ನೋವಾಗಳ ಗಾಳಿ ಅನಿಲವನ್ನು ಹೊರಕ್ಕೆ ಒಯ್ದದ್ದು. ಇವೆರಡನ್ನು ಬೇರ್ಪಡಿಸಲು ಲೋಹದ ಲೆಕ್ಕ ನೆರವಾಗುತ್ತದೆ. ಶುದ್ಧ ಅನಿಲ ಬರುವುದು ನಿಂತರೆ ಉಳಿದ ಅನಿಲದಲ್ಲಿ ಲೋಹದ ಪಾಲು ಬೇಗ ಏರುತ್ತದೆ. ಗಾಳಿ ಒಯ್ದರೆ ಲೋಹವೂ ಜೊತೆಗೇ ಹೋಗುವುದರಿಂದ ಏರಿಕೆ ನಿಧಾನ.

ಪೇರಿಸುವ ವಿಧಾನದಿಂದ ಬರದ ಉತ್ತರವೊಂದಿದೆ. ಸರಾಸರಿ 1,190 ಕೋಟಿ ಎಂದರೆ ಎಲ್ಲ ಗೆಲಾಕ್ಸಿಗಳಲ್ಲೂ ಅಷ್ಟಷ್ಟು ಇತ್ತೆಂದೂ ಆಗಬಹುದು, ಹತ್ತರಲ್ಲೊಂದರಲ್ಲಿ ರಾಶಿ ಬಿದ್ದು ಉಳಿದವು ಬರಿದಾಗಿದ್ದವೆಂದೂ ಆಗಬಹುದು. ಮಧ್ಯಾಂಕ ತೆಗೆದರೂ ಗೊತ್ತಾಗುವುದಿಲ್ಲ, ಪ್ರತಿ ಗೆಲಾಕ್ಸಿಯ ಗದ್ದಲ ಅದರ ಸದ್ದಿನ ಇಪ್ಪತ್ತು ಪಟ್ಟು ಇರುವಾಗ ಹಂಚಿಕೆಯ ಆಕಾರವೆಲ್ಲ ಗದ್ದಲದ್ದೇ. ದಕ್ಷಿಣ ಆಫ್ರಿಕಾದಲ್ಲಿ ಏಳುತ್ತಿರುವ, ಸ್ಕ್ವೇರ್ ಕಿಲೋಮೀಟರ್ ಅರೇ ಎಂಬ ಅಂತರರಾಷ್ಟ್ರೀಯ ರೇಡಿಯೊ ದೂರದರ್ಶಕ ಯೋಜನೆಯ ಎಸ್‌ಕೆಎ-ಮಿಡ್‌ನ 197 ಬಟ್ಟಲುಗಳು 350 ಮೆಗಾಹರ್ಟ್ಸ್‌ವರೆಗೆ, ಅಂದರೆ ರೆಡ್‌ಶಿಫ್ಟ್ 3ರವರೆಗೆ ಇಳಿಯಬಲ್ಲವು. ಆ ಯೋಜನೆಯಲ್ಲಿ ಭಾರತದ ಪಾಲಿಗೆ ಕೇಂದ್ರ ಸರ್ಕಾರ 1,250 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅದರ ಆಳವಾದ ಸಮೀಕ್ಷೆಯ ದತ್ತಾಂಶ ಬಂದಾಗ ಮೊದಲು ಹುಡುಕಬೇಕಾದ್ದು ಅತಿ ದೂರದ ಗೆಲಾಕ್ಸಿಯ ದಾಖಲೆಯನ್ನಲ್ಲ. ರೆಡ್‌ಶಿಫ್ಟ್ 1ರಲ್ಲಿ ಒಂದೇ ನಕ್ಷತ್ರತೂಕದ ನೂರು ಗೆಲಾಕ್ಸಿಗಳನ್ನು ಸಾಲಾಗಿ ಇಟ್ಟು, ಒಂದೊಂದರಲ್ಲೂ ಹೈಡ್ರೋಜನ್ ಎಷ್ಟಿದೆ, ಅವುಗಳ ನಡುವಿನ ಹೆಚ್ಚುಕಡಿಮೆ ಎಷ್ಟು ಎಂಬುದನ್ನು.